ಆತಂಕದ ಸಪೋರ್ಟ್ ಗ್ರೂಪ್‌ಗೆ ಮೊದಲ ಸಲ ಹೋಗ್ತಿದ್ದೇನೆ, ಹೋಗಿ ಬಂದವರು ಹೇಳಿ

ಕೇಳಿದ್ದು:
ಊರು ದಾವಣಗೆರೆ, ಈಗ ಬೆಂಗಳೂರಲ್ಲಿ ಪಿಜಿಯಲ್ಲಿದ್ದೇನೆ. ಸುಮಾರು ದಿನದಿಂದ ಆತಂಕದ ತೊಂದರೆ. ಇಸಿಜಿ, ಥೈರಾಯ್ಡ್ ಎಲ್ಲ ನಾರ್ಮಲ್. ಡಾಕ್ಟರ್ ಮಾತ್ರೆ ಕೊಟ್ಟು, ಜೊತೆಗೆ ಸಪೋರ್ಟ್ ಗ್ರೂಪ್‌ಗೂ ಹೋಗಿ ನೋಡಿ ಅಂದರು. ಈ ಶನಿವಾರ ಇದೆ. ನಾಲ್ಕು ಜನರ ಮುಂದೆ ಮಾತಾಡೋದೇ ನನ್ನ ಭಯ, ಅಂಥವಳನ್ನು ಗುಂಪಿನ ಮಧ್ಯೆ ಕೂರಿಸಿದರೆ ಹೇಗೆ? ಅಲ್ಲಿ ಏನು ಮಾಡಿಸ್ತಾರೆ? ಇಂಗ್ಲಿಷಲ್ಲೇ ಮಾತಾಡಬೇಕಾ? ಗುರುತಿನವರು ಸಿಕ್ಕಿಬಿಟ್ಟರೆ?

ಜಯನಗರದಿಂದ:
ತಂಗಿ, ಮೊದಲ ದಿನ ಬಾಯಿ ಬಿಡಲೇಬೇಕು ಅಂತ ಒತ್ತಾಯ ಮಾಡಿದರೆ ಅದು ಒಳ್ಳೆ ಗ್ರೂಪ್ ಅಲ್ಲ. ಹೆಸರು ಹೇಳಿ "ಇವತ್ತು ಕೇಳಿಸಿಕೊಳ್ತೀನಿ" ಅಂದರೆ ಸಾಕು. ನಾನು ಶುರುವಿನಲ್ಲಿ ಅಷ್ಟೇ ಹೇಳುತ್ತಿದ್ದೆ, ಯಾರೂ ಯಾಕೆ ಅಂತ ಕೇಳಲಿಲ್ಲ.

ನಾನು ಹೋಗುವ ಕಡೆ ಹೀಗೆ ನಡೆಯುತ್ತದೆ. ಕುರ್ಚಿಗಳನ್ನು ಸುತ್ತಲೂ ಹಾಕಿರುತ್ತಾರೆ. ನಡೆಸಿಕೊಡುವ ಮೇಡಂ ಮೊದಲು ನಿಯಮ ಓದುತ್ತಾರೆ. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು, ಒಬ್ಬರು ಹೇಳುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕಬಾರದು, ಕೇಳದೆ ಬುದ್ಧಿ ಹೇಳಬಾರದು. ಈ ಕೊನೆಯದು ನನಗೆ ಬಹಳ ಇಷ್ಟ, ಮನೆಯಲ್ಲಿ "ನೀನು ಸುಮ್ನೆ ಜಾಸ್ತಿ ಯೋಚನೆ ಮಾಡ್ತೀಯ, ಪ್ರಾಣಾಯಾಮ ಮಾಡು" ಅಂತ ಕೇಳಿ ಕೇಳಿ ಸಾಕಾಗಿತ್ತು. ಆಮೇಲೆ ಒಬ್ಬೊಬ್ಬರೇ ಆ ವಾರ ಹೇಗಿತ್ತು ಅಂತ ಹೇಳುತ್ತಾರೆ. ಬೇರೆಯವರದ್ದು ಇಲ್ಲಿ ಬರೆಯುವ ಹಾಗಿಲ್ಲ, ನಿಯಮ ಅಲ್ವಾ, ನನ್ನದನ್ನೇ ಹೇಳುತ್ತೇನೆ. ಮೆಟ್ರೋ ಬಾಗಿಲು ಮುಚ್ಚಿದ ತಕ್ಷಣ ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು, ಮೆಜೆಸ್ಟಿಕ್‌ನಲ್ಲಿ ಆ ಜನ ನೋಡಿದರಂತೂ ಕೈಯೆಲ್ಲ ಬೆವರು. ಅದನ್ನು ಹೇಳಿಕೊಂಡಾಗ ಎದುರಿಗಿದ್ದವರು ಅಯ್ಯೋ ಪಾಪ ಅನ್ನಲಿಲ್ಲ. "ನೀವು ಯಾವ ಕಡೆ ಬಾಗಿಲ ಹತ್ತಿರ ನಿಲ್ತೀರಿ?" ಅಂತ ಕೇಳಿದರು. ಆ ಪ್ರಶ್ನೆ ಅದನ್ನು ಅನುಭವಿಸಿದವರಿಗೆ ಮಾತ್ರ ಬರುತ್ತದೆ. ನಾನು ಇನ್ನೂ ಹೋಗ್ತಿರೋದು ಅದಕ್ಕೇ.

ಎದೆ ಡವಡವ ಶುರುವಾದರೆ ಹೊರಗೆ ಹೋಗಿ, ನೀರು ಕುಡಿದು ಬನ್ನಿ. ಇದಕ್ಕೇ ಬಾಗಿಲ ಹತ್ತಿರದ ಕುರ್ಚಿ ಹಿಡಿಯಬೇಕು. ಆದರೆ ವಾಪಸ್ ಬನ್ನಿ, ಇದೊಂದು ಮುಖ್ಯ. ಪ್ಯಾನಿಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ, ಅದು ಏರುತ್ತಿರುವಾಗಲೇ ಆಟೋ ಹತ್ತಿ ಮನೆಗೆ ಓಡಿದರೆ, ಓಡಿದ್ದಕ್ಕೇ ಬದುಕಿಕೊಂಡೆ ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ, ಮುಂದಿನ ವಾರ ಇನ್ನೂ ಕಷ್ಟ.

ಯಾವ ಭಾಷೆ, ಎಷ್ಟು ಜನ, ದುಡ್ಡು ಎಷ್ಟು, ನಡೆಸುವವರು ಸೈಕಾಲಜಿಸ್ಟಾ ಅಥವಾ ನಮ್ಮಂಥವರೇನಾ, ಇದನ್ನೆಲ್ಲ ಶುಕ್ರವಾರವೇ ಫೋನ್ ಮಾಡಿ ಕೇಳಿಬಿಡಿ. ನಮ್ಮಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಕಲಸಿ ಮಾತಾಡುತ್ತಾರೆ. ಅಳು ಬಂದಾಗ ಎಲ್ಲರೂ ಅವರವರ ಭಾಷೆಗೇ ಬರೋದು. ಇನ್ನು ಗುರುತಿನವರು ಸಿಕ್ಕಿದರೆ, ಅವರೂ ಅದೇ ಕಾರಣಕ್ಕೆ ಬಂದಿರುತ್ತಾರಲ್ಲ.

ಹುಬ್ಬಳ್ಳಿಯಿಂದ:
ಜಯನಗರದ ಮೇಡಂ ಹೇಳಿದ್ದು ಸರಿ ಇರಬಹುದು, ನನಗೆ ಮಾತ್ರ ಗ್ರೂಪ್ ಹೊಂದಲಿಲ್ಲರಿ. ಯಾರೋ ಕೈ ಜೋಮು ಹಿಡಿಯುತ್ತದೆ ಅಂದರೆ ಮನೆಗೆ ಬರುವಷ್ಟರಲ್ಲಿ ನನಗೂ ಜೋಮು. ಬಿಟ್ಟೆ. ಒಬ್ಬರೇ ಕೌನ್ಸೆಲರ್ ಹತ್ತಿರ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ, ಮಾಡಿಸಿಕೊಂಡೆ, ಅದು ಕೆಲಸ ಮಾಡಿತು. ಕೆಲವು ಸಲ ಹೋಗಿ ನೋಡಿ, ಆಗಲಿಲ್ಲ ಅಂದರೆ ನನ್ನಲ್ಲೇ ಏನೋ ಕೊರತೆ ಅಂದುಕೊಳ್ಳಬೇಡಿ. ಇನ್ನೊಂದು, ಅಲ್ಲಿ ಯಾರಾದರೂ ಮಾತ್ರೆ ಬಿಟ್ಟುಬಿಡಿ, ನಾನು ಕೊಡೋ ಪುಡಿ ತಗೊಳ್ಳಿ ಅಂದರೆ ಎದ್ದು ಬನ್ನಿ. ಆತಂಕಕ್ಕೆ ಕೊಡುವ ಎಸ್ಸಿಟಾಲೋಪ್ರಾಮ್‌ನಂಥ ಮಾತ್ರೆ ಗುಣ ತೋರಿಸಲಿಕ್ಕೇ ಕೆಲವು ವಾರ ಬೇಕು, ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು ಎಲ್ಲ ಬರುತ್ತವೆ. ಪಕ್ಕದವರ ಡೋಸ್ ಎಷ್ಟು ಅಂತ ಕೇಳಿ ಹೋಲಿಸುವುದೂ ಬೇಡ.

ಶಿಕಾಗೋದಿಂದ:
ನಾನು ಶಿವಮೊಗ್ಗದವನು, ಇಲ್ಲಿ ರಿಕವರಿ ಇಂಟರ್‌ನ್ಯಾಷನಲ್ ಅನ್ನುವ ಸಪೋರ್ಟ್ ಗ್ರೂಪ್ ಸಂಸ್ಥೆಯ ಮೀಟಿಂಗ್‌ಗೆ ಹೋಗುತ್ತೇನೆ. 1937ರಲ್ಲಿ ಇದೇ ಊರಲ್ಲಿ ಅಬ್ರಹಾಂ ಲೋ ಅನ್ನುವ ಮನೋವೈದ್ಯರು ಶುರು ಮಾಡಿದ್ದು. ಈಗ ನಡೆಸುವವರು ಡಾಕ್ಟರಲ್ಲ, ತರಬೇತಿ ಪಡೆದ ಸದಸ್ಯರೇ. ಮಾತಾಡಲು ಹೆದರುವವರಿಗೆ ಇದರ ಕ್ರಮ ಒಳ್ಳೆಯದು, ಏಕೆಂದರೆ ಏನು ಹೇಳಬೇಕು ಅನ್ನುವುದಕ್ಕೆ ಒಂದು ಚೌಕಟ್ಟು ಇದೆ. ಏನಾಯಿತು, ಮೈಯಲ್ಲಿ ಮನಸ್ಸಲ್ಲಿ ಏನನ್ನಿಸಿತು, ಅದನ್ನು ಗುರುತಿಸಿ ಏನು ಮಾಡಿದೆ, ಮೊದಲಿನ ನಾನಾಗಿದ್ದರೆ ಏನು ಮಾಡುತ್ತಿದ್ದೆ. ಇಷ್ಟೇ. ಅದೂ ಸಣ್ಣ ವಿಷಯವೇ ಆಗಬೇಕು, ಬಾಸ್ ಮೇಲ್‌ಗೆ ಉತ್ತರ ಕೊಡಲಿಲ್ಲ ಅನ್ನುವಂಥದ್ದು. ನನಗೆ ಮೊದಮೊದಲು ಪೆದ್ದು ಪೆದ್ದಾಗಿ ಕಂಡಿತ್ತು. ಫೋನ್‌ನಲ್ಲಿ, ಆನ್‌ಲೈನ್‌ನಲ್ಲೂ ಮೀಟಿಂಗ್ ಇದೆ, ಆದರೆ ಇಂಗ್ಲಿಷ್.

ಹಾಸನದಿಂದ:
ನಮ್ಮಂಥ ಊರಲ್ಲಿ ಗ್ರೂಪ್ ಎಲ್ಲಿ ಬರಬೇಕು ಅನ್ನುವವರಿಗೆ: ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ನಂಬರ್ 14416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರಿನಿಂದ ಇದೆ, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದು ಗ್ರೂಪ್ ಅಲ್ಲ, ಆದರೆ ಯಾರಿಗೂ ಹೇಳದೆ ಇರೋದಕ್ಕಿಂತ ವಾಸಿ.

ಕೇಳಿದವರು ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ರೂಮ್‌ಮೇಟ್ ಎಲ್ಲಿಗೆ ಹೋಗ್ತಿದೀಯ ಅಂತ ಕೇಳಿಯೇ ಕೇಳ್ತಾಳೆ. ಏನು ಹೇಳಲಿ?

ಜಯನಗರದಿಂದ:
"ಒಂದು ಕ್ಲಾಸ್ ಇದೆ" ಅನ್ನಿ. ಹೇಳಬೇಕು ಅನ್ನಿಸಿದ ದಿನ ಹೇಳಿದರಾಯಿತು. ಶನಿವಾರ ತಿಂಡಿ ತಿಂದೇ ಹೋಗಿ, ಕಾಫಿ ಮಾತ್ರ ಬೇಡ, ಮೊದಲೇ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಅದು ಇನ್ನೂ ಜಾಸ್ತಿ ಮಾಡುತ್ತದೆ. ಸ್ವಲ್ಪ ಬೇಗ ಹೋದರೆ ತುಂಬಿದ ರೂಮಿಗೆ ಎಲ್ಲರೂ ನೋಡುತ್ತಿರುವಾಗ ಕಾಲಿಡುವುದು ತಪ್ಪುತ್ತದೆ. ಮುಗಿದ ಮೇಲೆ ವಿಪರೀತ ಸುಸ್ತಾಗಬಹುದು, ಅವತ್ತು ಸಂಜೆ ಬೇರೇನೂ ಇಟ್ಟುಕೊಳ್ಳಬೇಡಿ.