ಕಾಂಪ್ ಪಿಕ್ ಶೀಟ್: 3ನೇ ರೌಂಡ್ ಬರಬೇಕಾದ ಕಡೆ 5 ಬರುತ್ತಿದೆ, ಯಾಕೆ?

ಉಪ್ಪಿಟ್ಟು_ಬ್ಲಿಟ್ಜ್:
ಎರಡು ರಾತ್ರಿ ಹಾಳಾಯಿತು. ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಆಟಗಾರರನ್ನು ಕಳೆದುಕೊಂಡ ತಂಡಕ್ಕೆ ಪರಿಹಾರವಾಗಿ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಹೆಚ್ಚುವರಿ ಸರದಿ ಸಿಗುತ್ತದಲ್ಲ, ಆ ಕಾಂಪ್ ಪಿಕ್ ಲೆಕ್ಕ ಹಾಕುವ ಶೀಟ್ ಮಾಡಿದ್ದೇನೆ. 2024ರಲ್ಲಿ ನಮ್ಮ ತಂಡ ಬಿಟ್ಟು ಹೋದ ಫ್ರೀ ಏಜೆಂಟ್‌ಗಳು (ಕಾಂಟ್ರಾಕ್ಟ್ ಮುಗಿದವರು), ಹೊಸದಾಗಿ ಬಂದವರು, ಒಬ್ಬೊಬ್ಬರ ಸಂಬಳ, ಎಲ್ಲ ತುಂಬಿಸಿದ್ದೇನೆ. 2025ರ ಡ್ರಾಫ್ಟ್‌ಗೆ ಐದನೇ ರೌಂಡಿನ ಕಾಂಪ್ ಪಿಕ್ ಒಂದು ಅನ್ನುತ್ತಿದೆ ಶೀಟ್. ಲೀಗ್ ಕೊಟ್ಟಿದ್ದು ಮೂರನೇ ರೌಂಡ್, 97ನೇ ಪಿಕ್. ಸೂತ್ರ ಹತ್ತು ಸಲ ನೋಡಿದೆ, ತಪ್ಪಿಲ್ಲ. ಯಾರಾದರೂ ನೋಡಿ ಹೇಳಿ, ನನಗಂತೂ ಸಾಕಾಗಿದೆ.

ಫೋರ್ತ್‌ಡೌನ್_ಪುತ್ತೂರು:
ಯಾವ ತಂಡ ಮಾರಾಯ್ರೆ?

ಉಪ್ಪಿಟ್ಟು_ಬ್ಲಿಟ್ಜ್:
ಮಿನೆಸೋಟ ವೈಕಿಂಗ್ಸ್. 97 ಅಂದಮೇಲೆ ಗೊತ್ತಾಗಲ್ವಾ?

ಸ್ನ್ಯಾಪ್_ಶಂಕರ:
ಹಾಗಾದರೆ ಸುಲಭ. ಸ್ನ್ಯಾಪ್ ಲೆಕ್ಕ, ಅಂದರೆ ಮೈದಾನದಲ್ಲಿದ್ದು ಎಷ್ಟು ಸಲ ಆಡಿದ ಅಂತ. ಹೋದವನಿಗೆ ಬೆಲೆ ಕಟ್ಟುವಾಗ ವರ್ಷದ ಸರಾಸರಿ ಸಂಬಳ ಒಂದನ್ನೇ ನೋಡುವುದಿಲ್ಲ. ಹೊಸ ತಂಡದಲ್ಲಿ ಎಷ್ಟು ಆಡಿದ, ಸೀಸನ್ ಮುಗಿದ ಮೇಲೆ ಗೌರವ ಏನಾದರೂ ಬಂತಾ, ಅದೂ ಸೇರುತ್ತದೆ. ನಿಮ್ಮಿಂದ ಅಟ್ಲಾಂಟಕ್ಕೆ ಹೋದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕರ್ಕ್ ಕಸಿನ್ಸ್‌ನನ್ನು ಆ ತಂಡ ಡಿಸೆಂಬರಿನಲ್ಲಿ ಬೆಂಚಿಗೆ ಕೂರಿಸಿತು. ಕೊನೆಯ ಮೂರು ಪಂದ್ಯ ಅವನ ಬದಲು ಪೆನಿಕ್ಸ್ ಆಡಿದ. ಆ ಕಡಿತ ನಿಮ್ಮ ಶೀಟಿನಲ್ಲಿ ಜಾಸ್ತಿ ಬಿದ್ದಿದೆ.

ಎಕ್ಸೆಲ್_ಮೇಷ್ಟ್ರು:
ಕಸಿನ್ಸ್‌ನ ಕಾಂಟ್ರಾಕ್ಟ್ ನಾಲ್ಕು ವರ್ಷಕ್ಕೆ 180 ಮಿಲಿಯನ್ ಡಾಲರ್. ಅಂದರೆ ವರ್ಷಕ್ಕೆ 45. ಹದಿನೇಳರಲ್ಲಿ 14 ಪಂದ್ಯ ಅವನೇ ಶುರು ಮಾಡಿದ್ದಾನೆ. ಮೂರು ಪಂದ್ಯ ಕೂತಿದ್ದಕ್ಕೆ ಎರಡು ರೌಂಡ್ ಇಳಿಯುತ್ತಾನಾ ಶಂಕರ್? ಬಂದವರ ಪಟ್ಟಿ ಹಾಕಿ ಬ್ಲಿಟ್ಜ್.

ಉಪ್ಪಿಟ್ಟು_ಬ್ಲಿಟ್ಜ್:
ಗ್ರೀನಾರ್ಡ್, ವ್ಯಾನ್ ಗಿಂಕೆಲ್, ಕ್ಯಾಶ್‌ಮನ್, ಡಾರ್ನಾಲ್ಡ್, ಏರನ್ ಜೋನ್ಸ್. ಇನ್ನೂ ಒಂದಿಬ್ಬರು ಚಿಲ್ಲರೆ ಸಂಬಳದವರು.

ಎಕ್ಸೆಲ್_ಮೇಷ್ಟ್ರು:
ಜೋನ್ಸ್‌ನನ್ನು ತೆಗೆಯಿರಿ. ಗ್ರೀನ್ ಬೇ ಅವನನ್ನು ರಿಲೀಸ್ ಮಾಡಿತ್ತು. ಕಾಂಟ್ರಾಕ್ಟ್ ಮುಗಿದು ಹೊರಟವನು ಮಾತ್ರ ಲೆಕ್ಕಕ್ಕೆ ಬರುತ್ತಾನೆ. ತಂಡವೇ ಕೈಬಿಟ್ಟವನು ಹೋದ ಕಡೆಯೂ ಇಲ್ಲ, ಬಂದ ಕಡೆಯೂ ಇಲ್ಲ. ಡ್ರಾಫ್ಟ್ ಮುಗಿದ ಮಾರನೇ ಸೋಮವಾರ ದಾಟಿ ಸೈನ್ ಮಾಡಿದವರಿದ್ದರೆ ಅವರನ್ನೂ ಅಳಿಸಿ. ಬಂದವನೊಬ್ಬ ಹೋದವನೊಬ್ಬನನ್ನು ಲೆಕ್ಕದಿಂದ ಅಳಿಸುತ್ತಾನೆ, ಹಾಗಾಗಿ ಸುಮ್ನೆ ಹೆಸರು ಸೇರಿಸಿದರೆ ಹೋದವರನ್ನು ಅದು ತಿಂದು ಹಾಕುತ್ತದೆ.

ಉಪ್ಪಿಟ್ಟು_ಬ್ಲಿಟ್ಜ್:
ತೆಗೆದೆ. ಇನ್ನೂ ಐದೇ.

ಸ್ನ್ಯಾಪ್_ಶಂಕರ:
ಹೇಳಿದ್ನಲ್ಲ. ಸ್ನ್ಯಾಪ್ ಶೇಕಡಾ ಕಾಲಂ ಹಾಕಿ, ನಾನು ನೋಡುತ್ತೇನೆ.

ಪರ್ಪಲ್_ಪುಳಿಯೋಗರೆ:
ಇಷ್ಟು ಒದ್ದಾಟ ಒಂದು ಪಿಕ್‌ಗಾ? ನಮ್ಮ ಬಾಲ್ಟಿಮೋರ್ ನೋಡಿ ಕಲಿಯಿರಿ. 1994ರಿಂದ ಈಚೆಗೆ ಅತಿ ಹೆಚ್ಚು ಕಾಂಪ್ ಪಿಕ್ ತಗೊಂಡ ತಂಡ ನಮ್ಮದೇ. ಹೋಗುವವನನ್ನು ಹೋಗಲು ಬಿಡಬೇಕು, ಬೇರೆಯವರು ಕೈಬಿಟ್ಟವನನ್ನು ಕರೆದು ತರಬೇಕು. ಒಂದು ವರ್ಷಕ್ಕೆ ಒಂದು ತಂಡಕ್ಕೆ ನಾಲ್ಕು ಸಿಗುತ್ತವೆ, ನಾಲ್ಕನ್ನೂ ಬಾಚಿಕೊಳ್ಳಬೇಕು.

ಫೋರ್ತ್‌ಡೌನ್_ಪುತ್ತೂರು:
ಬಾಚಿ ಏನು ಬಂತು? ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು ಕಾಂಪ್ ಪಿಕ್‌ನಲ್ಲಿ ಹಿಡಿದದ್ದು ಪೇಟ್ರಿಯಟ್ಸ್. 2000ನೇ ಇಸವಿ, 199.

ಪರ್ಪಲ್_ಪುಳಿಯೋಗರೆ:
199 ಮಾಮೂಲಿ ಆರನೇ ರೌಂಡ್ ಪಿಕ್ ಅಲ್ವಾ?

ಫೋರ್ತ್‌ಡೌನ್_ಪುತ್ತೂರು:
ಆರನೇ ರೌಂಡೇ, ಆದರೆ ಕಾಂಪ್. ಡ್ಯಾಕ್ ಪ್ರೆಸ್ಕಾಟ್ 2016ರಲ್ಲಿ 135, ಅದೂ ಕಾಂಪ್. ನಾನು ಇದನ್ನೆಲ್ಲ ಬೇಸ್‌ಮೆಂಟಿನಲ್ಲಿ ನಾಲ್ಕು ಟಿವಿ ಹಾಕಿಕೊಂಡು ನೋಡುವವನು, ನನಗೆ ಹೇಳಬೇಡಿ. ಮಧ್ಯದ್ದು 85 ಇಂಚು.

ಮೈಸೂರು_ಮಂಡೇನೈಟ್:
ನಾಲ್ಕು ಟಿವಿ! ಇಲ್ಲಿ ಚಳಿಗಾಲದ ಮಂಡೇ ನೈಟ್ ಪಂದ್ಯ ಅಂದರೆ ಮಂಗಳವಾರ ಬೆಳಗ್ಗೆ 6:45. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಾಫಿ. ಹಾಲಿನವನು ಬೆಲ್ ಮಾಡಿದ ಹೊತ್ತಿಗೇ ಅಲ್ಲಿ ಫಂಬಲ್. ಒಂದು ಟಚ್‌ಡೌನ್ ಪೂರ್ತಿ ನೋಡಿದ್ದು ನೆನಪಿಲ್ಲ.

ಉಪ್ಪಿಟ್ಟು_ಬ್ಲಿಟ್ಜ್:
ಟಿವಿ ಅಂಗಡಿ ಆಮೇಲೆ ತೆಗೆಯಿರಿ ಸ್ವಾಮಿ. ಸ್ನ್ಯಾಪ್ ಕಾಲಂ ಪೂರ್ತಿ ಆಫ್ ಮಾಡಿ ನೋಡಿದೆ. ಆಗಲೂ ಐದು.

ಸ್ನ್ಯಾಪ್_ಶಂಕರ:
ಆಫ್ ಮಾಡಿದರೆ ಸೊನ್ನೆ ಅಂತ ಓದುತ್ತಿರಬಹುದು. 100 ಅಂತ ಬರೆದು ನೋಡಿ.

ಉಪ್ಪಿಟ್ಟು_ಬ್ಲಿಟ್ಜ್:
ಬರೆದೆ. ಐದು.

ಎಕ್ಸೆಲ್_ಮೇಷ್ಟ್ರು:
ಸಂಬಳ ಏರಿಸಿದರೂ ಐದು, ಆಟ ಏರಿಸಿದರೂ ಐದು. ಎಲ್ಲೋ ಮೇಲಿಂದ ಮುಚ್ಚಳ ಹಾಕಿದೆ. ಸೂತ್ರ ಇದ್ದ ಹಾಗೇ ಅಂಟಿಸಿ.

ಉಪ್ಪಿಟ್ಟು_ಬ್ಲಿಟ್ಜ್:
ಕನ್ನಡದಲ್ಲೇ ಹೇಳುತ್ತೇನೆ. ಮೊದಲು ಸಂಬಳದಿಂದ ರೌಂಡ್ ಹುಡುಕುತ್ತದೆ, ಆಮೇಲೆ ಸ್ನ್ಯಾಪ್. ಕೊನೆಗೆ ಎಚ್ ಕಾಲಂನಲ್ಲಿ 10 ಅಥವಾ ಜಾಸ್ತಿ ಇದ್ದರೆ ಐದನೇ ರೌಂಡಿಗಿಂತ ಮೇಲೆ ಬಿಡುವುದಿಲ್ಲ. ಎಚ್ ಅಂದರೆ ಎಷ್ಟು ಸೀಸನ್ ಆಡಿದ್ದಾನೆ ಅಂತ. ಹತ್ತು ಸೀಸನ್ ಆದವನಿಗೆ ಐದೇ ಗರಿಷ್ಠ ಅನ್ನುವುದು ಎಲ್ಲರಿಗೂ ಗೊತ್ತಿರುವ ನಿಯಮ, ಅದಕ್ಕೇ ಬರೆಯಲಿಲ್ಲ.

ಎಕ್ಸೆಲ್_ಮೇಷ್ಟ್ರು:
ಅಯ್ಯೋ ದೇವರೇ. ಮೊದಲ ಪೋಸ್ಟಿನಲ್ಲೇ ಇದನ್ನು ಹೇಳಿದ್ದರೆ ಇಷ್ಟು ಹೊತ್ತಿಗೆ ಎಲ್ಲರೂ ಮಲಗಿರುತ್ತಿದ್ದೆವು. ಆ ನಿಯಮ ಕ್ವಾರ್ಟರ್‌ಬ್ಯಾಕ್‌ಗೆ ಇಲ್ಲ! ಬ್ರೇಡಿ 20 ಸೀಸನ್ ಆಡಿ 2020ರಲ್ಲಿ ಟ್ಯಾಂಪಾಗೆ ಹೋದ. 2021ರಲ್ಲಿ ಪೇಟ್ರಿಯಟ್ಸ್‌ಗೆ ಮೂರನೇ ರೌಂಡ್, 96. ಅದೇ ವರ್ಷ ಫಿಲಿಪ್ ರಿವರ್ಸ್ ಹೋಗಿದ್ದಕ್ಕೆ ಚಾರ್ಜರ್ಸ್‌ಗೆ 97. ಕಸಿನ್ಸ್ 2012ರ ಡ್ರಾಫ್ಟಿನವನು, ನಿಮ್ಮ ಮುಚ್ಚಳಕ್ಕೆ ಸರಿಯಾಗಿ ಸಿಕ್ಕಿಹಾಕಿಕೊಂಡಿದ್ದಾನೆ.

ಉಪ್ಪಿಟ್ಟು_ಬ್ಲಿಟ್ಜ್:
ಕ್ವಾರ್ಟರ್‌ಬ್ಯಾಕ್ ಆಗಿದ್ದರೆ ಬಿಡು ಅಂತ ಒಂದು ಷರತ್ತು ಸೇರಿಸಿದೆ. ಮೂರು ಬಂತು! ನಮ್ಮಿಂದ ಹಂಟರ್ ಹೋಗಿದ್ದನ್ನು ಗ್ರೀನಾರ್ಡ್ ಬಂದಿದ್ದು ಅಳಿಸಿ ಹಾಕಿದೆ, ಕಸಿನ್ಸ್ ಉಳಿದಿದ್ದಾನೆ. ಮೇಷ್ಟ್ರೇ, ಬೆಂಗಳೂರಿಗೆ ಬಂದಾಗ ದೋಸೆ ನನ್ನದು.

ಸ್ನ್ಯಾಪ್_ಶಂಕರ:
ಸರಿ, ಆದರೂ ನನ್ನ ಮಾತು ಪೂರ್ತಿ ಸುಳ್ಳಲ್ಲ. ಆ ಮೂರು ಪಂದ್ಯವೂ ಆಡಿದ್ದರೆ 97ಕ್ಕಿಂತ ಒಳ್ಳೆಯ ಪಿಕ್ ಸಿಗುತ್ತಿತ್ತು.

ಎಕ್ಸೆಲ್_ಮೇಷ್ಟ್ರು:
ಎಲ್ಲಿಂದ ಸಿಗುತ್ತಿತ್ತು? 32 ತಂಡ, ಮೂರು ರೌಂಡ್, 96. ಕಾಂಪ್ ಪಿಕ್ ಮೂರನೇ ರೌಂಡಿನ ಬಾಲದಲ್ಲೇ ಶುರುವಾಗುವುದು. ಆ ವರ್ಷ 97ಕ್ಕಿಂತ ಮೇಲಿನ ಕಾಂಪ್ ಪಿಕ್ ಇರಲೇ ಇಲ್ಲ.

ಪರ್ಪಲ್_ಪುಳಿಯೋಗರೆ:
ಮತ್ತೆ ಅಲ್ಪಸಂಖ್ಯಾತ ಕೋಚ್‌ಗಳನ್ನು ಬೇರೆ ತಂಡ ಮುಖ್ಯ ಕೋಚ್ ಮಾಡಿಕೊಂಡರೆ ಸಿಗುವ ಮೂರನೇ ರೌಂಡ್ ಪಿಕ್? ಅದೂ ವರ್ಷಕ್ಕೆ ಒಟ್ಟು 32 ಕಾಂಪ್ ಪಿಕ್ ಅನ್ನುವ ಮಿತಿಯೊಳಗೇ ಬರುತ್ತದಾ?

ಎಕ್ಸೆಲ್_ಮೇಷ್ಟ್ರು:
ಇಲ್ಲ, ಅದು ಹೊರಗೆ. ಬೇರೆ ಚರ್ಚೆ ತೆಗೆಯಿರಿ, ನಾನು ಮಲಗುತ್ತೇನೆ.

ಮೈಸೂರು_ಮಂಡೇನೈಟ್:
ಫೋರ್ತ್‌ಡೌನ್ ಅವರೇ, ಆ 85 ಇಂಚಿನ ಟಿವಿ ಯಾವ ಕಂಪನಿ?