‘ಮುಂದೆ ಚಲಿಸಿ’ ಬೇಡ, ‘ಮುಂದೆ ಸಾಗಿ’ ಎಂದು ಬರೆಸಿ

ಮುಂಬಯಿಯ ಮಾಟುಂಗಾದ ಗಣೇಶೋತ್ಸವಕ್ಕೆ ಫಲಕ ಬರೆಸುತ್ತಿರುವವರೇ, ದರ್ಶನದ ಸಾಲಿನಲ್ಲಿ ಹೇಳುವ ಇಂಗ್ಲಿಷ್ ಸೂಚನೆಗಳಿಗೆ ಕನ್ನಡ ಯಾವುದೆಂದು ಕೇಳಿದ್ದೀರಿ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕೆಂದಿದ್ದೀರಿ, ಆದ್ದರಿಂದ ಮೊದಲು ಉತ್ತರ. ದೇವರೆದುರು ನಿಂತುಬಿಟ್ಟವರಿಗೆ ಹೇಳುವ ‘ಮೂವ್ ಅಲಾಂಗ್’ಗೆ ‘ನಿಲ್ಲದೆ ಮುಂದೆ ಸಾಗಿ’. ಸಾಲಿನ ನಡುವೆ ಜಾಗ ಬಿಟ್ಟವರಿಗೆ ಹೇಳುವ ‘ಮೂವ್ ಅಪ್’ಗೆ ‘ಮುಂದಕ್ಕೆ ಜರುಗಿ’. ‘ಸ್ಟೆಪ್ ಅಸೈಡ್’ಗೆ ‘ಪಕ್ಕಕ್ಕೆ ಸರಿಯಿರಿ’. ‘ಗೋ ಅಹೆಡ್’ಗೆ ಫಲಕವೇ ಬೇಡ. ಅದು ಎದುರಿಗಿರುವ ಮನುಷ್ಯ ಕೊಡುವ ಒಪ್ಪಿಗೆ. ಬಾಗಿಲಲ್ಲಿ ‘ನೀವು ಮೊದಲು ಹೋಗಿ’ ಆಗುತ್ತದೆ, ಮಾತಿನ ನಡುವೆ ‘ಹೇಳಿ’ ಆಗುತ್ತದೆ.

ನಾಲ್ಕಕ್ಕೂ ‘ಮುಂದೆ ಚಲಿಸಿ’ ಸಾಕು ಎಂದು ನಿಮ್ಮ ಪ್ರಶ್ನೆಗೆ ನಿನ್ನೆ ಒಬ್ಬರು ಉತ್ತರ ಬರೆದಿದ್ದಾರೆ. ಸಾಲದು. ಇಂಗ್ಲಿಷಿನಲ್ಲಿ ‘ಮೂವ್’ ಹಾಗೆಯೇ ಉಳಿದು ಅಲಾಂಗ್, ಅಪ್, ಓವರ್ ಎಂಬ ಬಾಲಗಳು ಅರ್ಥವನ್ನು ಬೇರೆ ಮಾಡುತ್ತವೆ. ಕನ್ನಡದಲ್ಲಿ ಆ ಕೆಲಸವನ್ನು ಕ್ರಿಯಾಪದವೇ ಮಾಡುತ್ತದೆ. ಸಾಗುವವನು ನಿಲ್ಲುವುದಿಲ್ಲ. ಜರುಗುವವನು ಒಂದೆರಡು ಹೆಜ್ಜೆಯಷ್ಟೇ ಕದಲುತ್ತಾನೆ. ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗ ಮಾಡಿಕೊಡುವವನು ಸರಿದು ಕುಳಿತುಕೊಳ್ಳುತ್ತಾನೆ. ಇಷ್ಟು ಸೂಕ್ಷ್ಮವಾದ ಸಲಕರಣೆ ಮನೆಯಲ್ಲಿರುವಾಗ ಎಲ್ಲದಕ್ಕೂ ಒಂದೇ ‘ಚಲಿಸಿ’ ಏಕೆ? ಚಲಿಸುವುದು ಬಸ್ಸು, ಚಲಿಸುವುದು ಗ್ರಹ. ಕೈಯಲ್ಲಿ ಹೂವು ಹಿಡಿದು ನಿಂತ ಅಜ್ಜಿಗೆ ಯಾರೂ ‘ಚಲಿಸಿ’ ಎನ್ನುವುದಿಲ್ಲ.

ಈ ‘ಚಲಿಸಿ’ ನಮ್ಮ ಬಾಯಿಗೆ ಹೇಗೆ ಬಂತೆಂಬುದನ್ನು ಮುಂಬಯಿಯಲ್ಲಿ ನಗರ ಸಾರಿಗೆಯ ಬೆಸ್ಟ್ ಬಸ್ ಹತ್ತಿದವರಿಗೆ ವಿವರಿಸಬೇಕಾಗಿಲ್ಲ. ಕಂಡಕ್ಟರ್ ಮರಾಠಿಯಲ್ಲಿ ‘ಪುಢೇ ಚಲಾ’, ಮುಂದೆ ನಡೆಯಿರಿ, ಎನ್ನುತ್ತಾನೆ, ನಾವು ಅದಕ್ಕೆ ಕನ್ನಡದ ಪ್ರತ್ಯಯ ಹಚ್ಚಿ ಅನುವಾದವಾಯಿತು ಎಂದುಕೊಳ್ಳುತ್ತೇವೆ. ಮರಾಠಿಯ ‘ಚಲಾ’ಕ್ಕೆ ಸರಿಸಾಟಿಯಾದದ್ದು ನಮ್ಮ ‘ನಡೆಯಿರಿ’. ಹೊರಡಲು ಕರೆಯುವಾಗಲೂ ಮುಂದೆ ಕಳಿಸುವಾಗಲೂ ಧಾರವಾಡದವರು ಬಳಸುವುದು ಅದನ್ನೇ. ಎರವಲು ತರಲೇಬಾರದೆಂದು ನನ್ನ ವಾದವಲ್ಲ. ಹೆಸರುಪದಗಳನ್ನು ಎಷ್ಟಾದರೂ ತನ್ನಿ, ಮಂಡಪ, ಪ್ರಸಾದ, ಕ್ಯೂ ಎಲ್ಲವೂ ಇರಲಿ. ಆದರೆ ಮನುಷ್ಯನ ಕಾಲನ್ನು ಎತ್ತಿಸುವ ಕ್ರಿಯಾಪದ ಮನೆಯದೇ ಆಗಿರಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಇನ್ನು ‘ಮುಂದುವರೆಯಿರಿ’ ಎಂಬ ಸಲಹೆ. ದರ್ಶನದ ಸಾಲಿಗೆ ಅದು ಹೊಂದುವುದೇ ಇಲ್ಲ, ಮಾಡುತ್ತಿರುವ ಕೆಲಸವನ್ನು ಬಿಡಬೇಡಿ ಎಂಬುದು ಅದರ ಅರ್ಥ. ಅದಕ್ಕಿಂತ ಹೆಚ್ಚಾಗಿ, ಆ ‘ರೆ’ ತಪ್ಪು. ಮುಂದು ಮತ್ತು ಪರಿ ಸೇರಿ ‘ಮುಂದುವರಿ’ ಆಗಿದೆ. ಹಳಗನ್ನಡದಲ್ಲಿ ಬೆಮರ್ (ಬೆವರು) ಮತ್ತು ಪನಿ (ಹನಿ) ಸೇರಿ ಬೆಮರ್ವನಿ ಆದಂತೆ ಇಲ್ಲಿಯೂ ಪಕಾರ ವಕಾರವಾಗಿದೆ. ಹಳಗನ್ನಡದ ಈ ‘ಪರಿ’ಯೇ ಇಂದಿನ ‘ಹರಿ’. ಹರಿಯುವುದು, ಓಡುವುದು ಎರಡೂ ಅದರ ಅರ್ಥ. ನೀರು ಹರಿದಿದೆ ಎನ್ನುತ್ತೇವೆ, ಹರೆದಿದೆ ಎನ್ನುವುದಿಲ್ಲ. ಹಾಗಾದರೆ ‘ಮುಂದುವರೆದಿದೆ’ ಎಲ್ಲಿಂದ ಬಂತು? ‘ಎಲ್ಲರೂ ಹಾಗೆ ಬರೆಯುತ್ತಾರೆ’ ಎಂಬ ಉತ್ತರವನ್ನು ದಯವಿಟ್ಟು ಕಳಿಸಬೇಡಿ. ಪತ್ರಿಕೆಗಳಲ್ಲಿ ಓದಿ ಓದಿ ಕಣ್ಣು ನೊಂದಿದೆ.

‘ಸ್ಟ್ಯಾಂಡ್ ಬ್ಯಾಕ್’ಗೆ ‘ಹಿಂದೆ ಸರಿಯಿರಿ’ ಎಂದು ಸೂಚಿಸಿದವರಿಗೆ ಒಂದು ಮಾತು. ಚುನಾವಣೆಯ ಕಣದಿಂದ ಹಿಂದೆ ಸರಿಯುತ್ತಾರೆ, ಕೊಟ್ಟ ಮಾತಿನಿಂದ ಹಿಂದೆ ಸರಿಯುತ್ತಾರೆ. ಆರತಿಯ ಬೆಂಕಿಯ ಬಳಿ ಬೇಕಾಗಿರುವುದು ‘ದೂರ ನಿಲ್ಲಿ’.

ಕೊನೆಯದಾಗಿ, ಹೊರಬಾಗಿಲಿನ ಫಲಕದಲ್ಲಿ ‘ಈ ಕಡೆಯಿಂದ ಹೋಗಿ’ ಎಂದಿದೆ. ಮನೆಗೆ ಬಂದವರನ್ನು ಕಳಿಸುವಾಗ ಬರಿಯ ‘ಹೋಗಿ’ ಎಂದು ಹೇಳಿ ನಮಗೆ ರೂಢಿಯಿಲ್ಲ. ಮರಾಠಿಯವರೂ ಹೊರಡುವಾಗ ‘ಯೇತೋ’, ಬರುತ್ತೇನೆ, ಎನ್ನುತ್ತಾರೆ. ‘ಹೊರದಾರಿ’ ಎಂದು ಬಾಣದ ಗುರುತು ಹಾಕಿಸಿ, ಕೆಳಗೆ ‘ಹೋಗಿ ಬನ್ನಿ’ ಎಂದು ಬರೆಸಿ. ಕರಡನ್ನು ಇಂದು ರಾತ್ರಿಯೇ ಕಳಿಸಿದರೆ ಅಕ್ಷರ ತಿದ್ದಿ ಕೊಡುತ್ತೇನೆ.