ಅಂಡಮಾನ್‌ಗೆ 12 ಜನ ಹೊರಟಿದ್ದೇವೆ, ತಲೆಗೆ ಎಷ್ಟು ಹಿಡೀಬೇಕು?

ಶಿರಸಿ_ಪೇಟೆ

ಎಲ್ರಿಗೂ ನಮಸ್ಕಾರ. ನಾವು ಕಾರವಾರದಲ್ಲಿ ಡಿಗ್ರಿ ಓದುವಾಗಿನ ನಾಲ್ಕು ಜನ ದೋಸ್ತರು, ಈಗ ಇಬ್ರು ಶಿರಸಿ ಕಡೆ ತೋಟ ನೋಡ್ಕೊಂಡು ಇದ್ದೇವೆ, ಒಬ್ಬ ಬೆಂಗಳೂರು, ಒಬ್ಬ ಅಂಕೋಲಾ. ಎಲ್ಲ ಫ್ಯಾಮಿಲಿ ಸೇರಿ ಅಂಡಮಾನ್ ಹೋಗೋಣ ಅಂತ ವಾಟ್ಸಾಪ್‌ನಲ್ಲಿ ಶುರುವಾದ ಮಾತು ಈ ಸಲ ನಿಜವಾಗೋ ಹಾಗೆ ಕಾಣ್ತದೆ. ದೊಡ್ಡವರು 8, ಶಾಲೆಗೆ ಹೋಗೋ ಮಕ್ಕಳು 3, ಮತ್ತೆ ನನ್ನ ಅಮ್ಮ. ಅಮ್ಮನಿಗೆ ಮಂಡಿ ನೋವು, ಹೊರಗಿನ ಊಟದಲ್ಲೂ ಶುದ್ಧ ಸಸ್ಯಾಹಾರವೇ ಆಗ್ಬೇಕು.

ಒಬ್ರು ಏಜೆಂಟ್ ವಿಮಾನ ಬಿಟ್ಟು ತಲೆಗೆ 28 ಸಾವಿರ ಹೇಳಿದ್ರು. ಬೆಂಗಳೂರಿನವನು "ಹಾಕಿಬಿಡೋಣ" ಅಂದ. ಆದ್ರೆ ಅಂಕೋಲಾದವನು ಬೋಟುಗಳಿಗೆ ಐಸ್ ಸಪ್ಲೈ ಮಾಡೋನು, ಜೂನ್ ಜುಲೈ ಮೀನುಗಾರಿಕೆ ಬಂದ್ ಇದ್ದಾಗ ಅವನ ಕೈಯಲ್ಲಿ ದುಡ್ಡು ಓಡೋದಿಲ್ಲ. ಅವನು ಬಾಯಿಬಿಟ್ಟು ಹೇಳೋದಿಲ್ಲ, ಏನೋ ಒಂದು ಕಾರಣ ಹೇಳಿ ಕೊನೆಗೆ ತಪ್ಪಿಸ್ಕೊಳ್ತಾನೆ ಅನ್ನೋದು ನನ್ನ ಹೆದರಿಕೆ. ಅವನನ್ನ ಬಿಟ್ಟು ಹೋಗೋದಾದ್ರೆ ನನಗೆ ಟ್ರಿಪ್ಪೇ ಬೇಡ. ಯಾವಾಗ ಹೋಗೋದು, ಎಷ್ಟು ಬೀಳ್ತದೆ, ದುಡ್ಡು ಹೇಗೆ ಒಟ್ಟು ಮಾಡೋದು, ಅನುಭವ ಇದ್ದೋರು ಹೇಳಿ.

ಕಾಳಿ_ದಂಡೆ

ಕಾರವಾರದವಳು ನಾನು, ನಮ್ಮ ಕಡೆಯ ದೊಡ್ಡ ಗುಂಪಿಗೆ ಇದೇ ಕೆಲಸ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೇನೆ.

ಮೊದಲು ತಾರೀಖು. ಡಿಸೆಂಬರ್ ಕೊನೆ ಬೇಡವೇ ಬೇಡ, ರೇಟು ಎಲ್ಲ ಕಡೆ ಏರಿರ್ತದೆ, ನಿಮಗೂ ಆಗ ಅಡಿಕೆ ಕೊಯ್ಲು. ಮೇ ರಜೆ ಅಂತಾನೂ ಕಾಯ್ಬೇಡಿ, ಮುಂಗಾರು ಕೇರಳಕ್ಕಿಂತ ಮೊದಲೇ ಅಂಡಮಾನ್ ಮುಟ್ಟೋದು, ಮೇ ಮೂರನೇ ವಾರದ ಹೊತ್ತಿಗೆಲ್ಲ ಅಲ್ಲಿ ಮಳೆ ಹಿಡಿದಿರ್ತದೆ, ಸಮುದ್ರ ಎದ್ರೆ ದ್ವೀಪಗಳ ನಡುವೆ ಓಡೋ ಫೆರ್ರಿ ನಿಲ್ಲಿಸ್ತಾರೆ. ಮಕ್ಕಳ ಪರೀಕ್ಷೆ ಮುಗಿದ ಕೂಡ್ಲೇ ಏಪ್ರಿಲ್ ಮಧ್ಯದಲ್ಲಿ ಹೋಗಿ. ಸೆಕೆ ಇರ್ತದೆ, ಅದು ನಮಗೇನು ಹೊಸದಲ್ಲ, ನೀರು ಮಾತ್ರ ತಿಳಿಯಾಗಿರ್ತದೆ.

ಐದು ರಾತ್ರಿ ಸಾಕು. ಪೋರ್ಟ್ ಬ್ಲೇರ್ ಒಂದು, ಹ್ಯಾವ್‌ಲಾಕ್ ದ್ವೀಪ ಎರಡು, ನೀಲ್ ದ್ವೀಪ ಒಂದು, ಮತ್ತೆ ಪೋರ್ಟ್ ಬ್ಲೇರ್ ಒಂದು. ಹೀಗೆ ಒಂದು ಸುತ್ತು ಹಾಕಿದ್ರೆ ಮೂರು ಫೆರ್ರಿ ಟಿಕೆಟ್ಟಿಗೆ ಮುಗೀತದೆ. ಕೊನೆ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಹ್ಯಾವ್‌ಲಾಕ್‌ನಿಂದ ಬೆಳಿಗ್ಗೆ ಫೆರ್ರಿ ಹತ್ತಿ ಅದೇ ದಿನ ವಿಮಾನ ಹಿಡೀತೇವೆ ಅಂತ ಪ್ಲಾನ್ ಮಾಡಿದ್ರೆ, ಗಾಳಿಗೆ ಫೆರ್ರಿ ಕ್ಯಾನ್ಸಲ್ ಆದ್ರೆ 12 ಜನರ ವಿಮಾನದ ದುಡ್ಡೂ ನೀರಿಗೆ ಹೋಗ್ತದೆ. ಬುಕ್ ಮಾಡುವಾಗ ಹೆಸರು ನೋಡಿ ಗಾಬರಿ ಬೀಳ್ಬೇಡಿ, 2018ರಿಂದ ಹ್ಯಾವ್‌ಲಾಕ್ ಅಂದ್ರೆ ಸ್ವರಾಜ್ ದ್ವೀಪ, ನೀಲ್ ಅಂದ್ರೆ ಶಹೀದ್ ದ್ವೀಪ, ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ.

ಈಗ ದುಡ್ಡು. ತಲೆಗೆ ನನ್ನ ಅಂದಾಜು ಹೀಗೆ: ಬೆಂಗಳೂರಿಂದ ವಿಮಾನ ಹೋಗಿಬರೋದು 16 ಸಾವಿರ, ಪ್ರೈವೇಟ್ ಫೆರ್ರಿ ಮೂರೂ ಸೇರಿ ನಾಲ್ಕೂವರೆ, ಐದು ರೂಮು ಹಿಡಿದು ಹಂಚಿದ್ರೆ ಆರು ಕಾಲು, ಅಲ್ಲಿನ ಗಾಡಿ ಎರಡೂವರೆ, ಊಟ ತಿಂಡಿ ನಾಲ್ಕು, ಎಂಟ್ರಿ ಟಿಕೆಟ್ ಬೋಟು ಎಲ್ಲ ಒಂದೂವರೆ, ಊರಿಂದ ಬೆಂಗಳೂರಿಗೆ ಹೋಗಿಬರೋದು ಒಂದೂವರೆ. 36 ಸಾವಿರ ದಾಟ್ತದೆ. ಸ್ಕೂಬಾ, ಅಂದ್ರೆ ಸಮುದ್ರದೊಳಗಿನ ಡೈವಿಂಗ್, ಇದರಲ್ಲಿ ಸೇರಿಲ್ಲ. ಇದನ್ನ ಇಳಿಸೋ ಜಾಗ ಎರಡೇ, ಫೆರ್ರಿ ಮತ್ತೆ ರೂಮು. ಸರ್ಕಾರಿ ಫೆರ್ರಿಗೆ ಕೆಲವು ನೂರು ರೂಪಾಯಿ ಅಷ್ಟೇ, ನಿಧಾನ, ಟಿಕೆಟ್ ಸಿಗೋದೂ ಕಷ್ಟ, 12 ಸೀಟು ಒಟ್ಟಿಗೆ ಸಿಗ್ತದೆ ಅಂತ ನಂಬ್ಕೊಂಡು ಹೋಗೋದು ಬೇಡ. ರೂಮಿಗೆ ಬೀಚ್ ಎದುರೇ ಬೇಕು ಅನ್ನೋ ಹಟ ಬಿಡಿ, ತಲೆಗೆ ಒಂದು ಸಾವಿರ ಉಳೀತದೆ.

ವಿಮಾನದ್ದು ಒಂದು ವಿಷಯ ತುಂಬ ಜನಕ್ಕೆ ಗೊತ್ತಿರೋದಿಲ್ಲ. ಆನ್‌ಲೈನ್‌ನಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 9 ಜನರದ್ದೇ ಬುಕ್ ಆಗೋದು. ಅಗ್ಗದ ರೇಟಲ್ಲಿ ನಾಲ್ಕೇ ಸೀಟು ಉಳಿದಿದ್ದು ನೀವು 9 ಕೇಳಿದ್ರೆ, ಒಂಬತ್ತಕ್ಕೂ ಮೇಲಿನ ರೇಟೇ ತೋರಿಸ್ತದೆ. ಅದಕ್ಕೆ ಮೊದ್ಲು ಒಬ್ಬರಿಗೆ ಹಾಕಿ ನೋಡಿ, ಆಮೇಲೆ ಮೂರು, ಆಮೇಲೆ ಆರು, ರೇಟು ಎಲ್ಲಿ ಜಿಗೀತದೆ ನೋಡ್ಕೊಂಡು ಆ ಲೆಕ್ಕಕ್ಕೆ ಫ್ಯಾಮಿಲಿ ಫ್ಯಾಮಿಲಿಯಾಗಿ ಒಡೆದು ಬುಕ್ ಮಾಡಿ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ರೆ ಏರ್‌ಲೈನ್ಸ್‌ನವರೇ ಗ್ರೂಪ್ ರೇಟ್ ಕೊಡ್ತಾರೆ, ಅದನ್ನೂ ಕೇಳಿ, ಆದ್ರೆ ಅದು ಯಾವಾಗ್ಲೂ ಅಗ್ಗ ಅಂತೇನಿಲ್ಲ. ಎರಡು ವರ್ಷ ದಾಟಿದ ಮಕ್ಕಳಿಗೆ ಸೀಟು ಬೇಕೇ ಬೇಕು, ಹಾಗಾಗಿ ನಿಮ್ಮ ಲೆಕ್ಕದಲ್ಲಿ 12ಕ್ಕೆ 12.

ಇನ್ನೊಂದು, ರಾತ್ರಿ ರೈಲಲ್ಲಿ ಹೊರಟು ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ಅದೇ ಬೆಳಿಗ್ಗೆ ವಿಮಾನ ಹಿಡಿಯೋ ಸಾಹಸ ಬೇಡ, ಹಿಂದಿನ ದಿನವೇ ಹೋಗಿ ಬೆಂಗಳೂರಿನ ದೋಸ್ತನ ಮನೇಲಿ ಉಳೀರಿ.

ಹೆಗಡೆ_ಭಾವ

ಅಕ್ಕ ಹೇಳಿದ ಲೆಕ್ಕ ಸರಿ ಇದೆ. ನಾನು ದುಡ್ಡು ಕೂಡಿಸೋದರ ಬಗ್ಗೆ ಮಾತ್ರ ಹೇಳ್ತೇನೆ, ದೋಸ್ತಿ ಹಾಳಾಗೋದು ಅಲ್ಲೇ.

ಬಜೆಟ್ ಯಾವಾಗ್ಲೂ ಗುಂಪಲ್ಲಿ ಕೈ ಬಿಗಿ ಇದ್ದೋರ ಅಳತೆಗೆ ಹಾಕ್ಬೇಕು, ಜಾಸ್ತಿ ಇದ್ದೋರ ಅಳತೆಗಲ್ಲ. ಅಂಕೋಲಾದವರ ಹತ್ರ ಗ್ರೂಪಲ್ಲಿ ಕೇಳ್ಬೇಡಿ, ಒಂದು ಸಂಜೆ ನೀವೇ ಹೋಗಿ ಕೂತು ಮಾತಾಡಿ. "ನಿಂಗೆ ಆಗ್ತದಾ" ಅಂತ ಕೇಳಿದ್ರೆ ಯಾರಾದ್ರೂ "ಆಗ್ತದೆ" ಅಂತಲೇ ಹೇಳೋದು ಮಾರಾಯ್ರೇ, ಅದರ ಬದಲು "ಯಾವ ತಿಂಗಳು ಎಷ್ಟು ಕೊಡೋದು ಸಲೀಸು" ಅಂತ ಕೇಳಿ. ಬೋಟು ಆಗಸ್ಟಲ್ಲಿ ಇಳೀತದೆ, ಸೆಪ್ಟೆಂಬರಿಂದ ಅವರ ಕೈ ಆಡ್ತದೆ. ಹಾಗಾಗಿ ಸೆಪ್ಟೆಂಬರಿಂದ ಮಾರ್ಚ್ ತನಕ ತಿಂಗಳಿಗೆ ತಲೆಗೆ 5 ಸಾವಿರದ ಕಂತು ಮಾಡಿ, ಏಳು ಕಂತಿಗೆ 35 ಆಗ್ತದೆ. ನಾಲ್ಕು ತಲೆಯ ಮನೆಗೆ ಅದು ತಿಂಗಳಿಗೆ 20 ಸಾವಿರ, ಸಣ್ಣ ಮಾತಲ್ಲ, ಅವರಿಗೆ ಭಾರ ಅನ್ನಿಸಿದ್ರೆ ಮಕ್ಕಳ ವಿಮಾನದ ಟಿಕೆಟ್ಟನ್ನ ನಾಲ್ಕೂ ಮನೆಗೆ ಸಮ ಹಂಚಿ. ಎಲ್ಲ ಮಕ್ಕಳಿಗೂ ಒಂದೇ ನಿಯಮ ಅಂದ್ರೆ ಯಾರಿಗೋ ಸಹಾಯ ಮಾಡಿದ ಹಾಗೆ ಕಾಣೋದಿಲ್ಲ. ಅಡಿಕೆಯವರಿಗೆ ಮಾಲು ಮಾರೋ ತನಕ ದುಡ್ಡು ಬರೋದಿಲ್ಲ ಅಂತಿದ್ರೆ ನೀವಿಬ್ರು ಕೊನೆ ಎರಡು ಕಂತು ಒಟ್ಟಿಗೆ ಕೊಡಿ.

ಮೊದಲ ಎರಡು ಕಂತು ಬರದೇ ಟಿಕೆಟ್ ಬುಕ್ ಮಾಡಬೇಡಿ. ಒಬ್ರ ಕ್ರೆಡಿಟ್ ಕಾರ್ಡ್ ಮೇಲೆ ಎಲ್ಲ ಹಾಕಿ ಆಮೇಲೆ ವಸೂಲಿ ಮಾಡೋದು ಬಹಳ ಬೇಜಾರಿನ ಕೆಲಸ. ಬರೋದಿಲ್ಲ ಅಂದ್ರೆ ಎಷ್ಟು ವಾಪಸ್ ಅನ್ನೋದೂ ಈಗಲೇ ಬರೆದಿಡಿ, ಮುಖ್ಯವಾಗಿ ವಿಮಾನದ್ದು. ಅಲ್ಲಿ ಹೋದ ಮೇಲೆ ಊಟ ಗಾಡಿ ರೂಮು ಎಲ್ಲ ಒಂದೇ ಕೈಯಿಂದ ಖರ್ಚಾಗ್ಲಿ, ಸ್ಕೂಬಾ ಶಾಪಿಂಗ್ ಬೀರು ಅವರವರದ್ದು.

ಅಮ್ಮನ ಊಟಕ್ಕೆ ಚಿಂತೆ ಬೇಡ, ಪೋರ್ಟ್ ಬ್ಲೇರ್‌ನಲ್ಲಿ ತಮಿಳರು ತುಂಬ ಇದ್ದಾರೆ, ಇಡ್ಲಿ ಅನ್ನ ಸಾರು ಆರಾಮ ಸಿಗ್ತದೆ. ದ್ವೀಪಗಳಲ್ಲಿ ಮೊದಲೇ ಹೇಳಿಟ್ರೆ ಮಾಡಿಕೊಡ್ತಾರೆ. ಆದ್ರೂ ಒಂದು ಡಬ್ಬಿ ಚಟ್ನಿಪುಡಿ, ಅವಲಕ್ಕಿ ಇರ್ಲಿ.

ಶಿರಸಿ_ಪೇಟೆ

ತಲೆ ಮೇಲಿನ ಭಾರ ಅರ್ಧ ಇಳೀತು, ಇಬ್ಬರಿಗೂ ಥ್ಯಾಂಕ್ಸ್. ಈ ಭಾನುವಾರ ಅಂಕೋಲಾಕ್ಕೆ ಹೋಗಿ ಬರ್ತೇನೆ. ಬಾರಾಟಾಂಗ್ ಗುಹೆ ಮತ್ತೆ ಸ್ಕೂಬಾ ಹಾಕ್ಬೇಕಾ ಬೇಡ್ವಾ?

ನೇತ್ರಾಣಿ_ಅಲೆ

ಬಾರಾಟಾಂಗ್ ಬೇಡ, ಅಮ್ಮ ಇದ್ದಾರೆ. ನಡುರಾತ್ರಿ ಕಳೆದು ಎದ್ದು ಹೊರಟು ಜಾರವಾ ಬುಡಕಟ್ಟಿನವರ ಮೀಸಲು ಕಾಡಿನಲ್ಲಿ ಕಾನ್ವಾಯ್‌ನಲ್ಲಿ, ಅಂದ್ರೆ ಗಾಡಿಗಳೆಲ್ಲ ಸಾಲಾಗಿ ಒಟ್ಟಿಗೆ, ಹೋಗ್ಬೇಕು, ಇಡೀ ದಿನ ಅದಕ್ಕೇ ಹೋಗ್ತದೆ. ಅದರ ಬದಲು ಪೋರ್ಟ್ ಬ್ಲೇರ್ ಹತ್ತಿರದ ರಾಸ್ ದ್ವೀಪ, ಅಲ್ಲಿ ಬ್ಯಾಟರಿ ಗಾಡಿ ಇದೆ. ಸೆಲ್ಯುಲರ್ ಜೈಲಿನ ಲೈಟ್ ಅಂಡ್ ಸೌಂಡ್ ಕೂತೇ ನೋಡೋದು. ನೀಲ್‌ನ ಭರತ್‌ಪುರ ಬೀಚಲ್ಲಿ ಗಾಜಿನ ತಳದ ಬೋಟಲ್ಲಿ ಅಮ್ಮನನ್ನ ಕೂರಿಸಿ, ಕಾಲು ಒದ್ದೆ ಆದ್ರೂ ಹವಳ ನೋಡ್ತಾರೆ. ಅಲ್ಲಿನ ನ್ಯಾಚುರಲ್ ಬ್ರಿಜ್ ಅನ್ನೋ ಕಲ್ಲಿನ ಕಮಾನಿಗೆ ಮಾತ್ರ ಕರ್ಕೊಂಡು ಹೋಗ್ಬೇಡಿ, ಪಾಚಿಗಟ್ಟಿದ ಕಲ್ಲು, ಮಂಡಿಗೆ ಆಗೋದಲ್ಲ.

ಸ್ಕೂಬಾ ಹ್ಯಾವ್‌ಲಾಕ್‌ನಲ್ಲಿ ನಾಲ್ಕು ಐದು ಸಾವಿರ ಆಗ್ತದೆ, ಈಜು ಬರ್ಲೇಬೇಕು ಅಂತಿಲ್ಲ. ಎಲ್ರೂ ಮಾಡ್ಬೇಕು ಅಂತ ಒತ್ತಾಯ ಬೇಡ, ನಮ್ಮ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋದ್ರೆ ಅದೇ ಅನುಭವ ಆಗ್ತದೆ, ಮಳೆಗಾಲ ಬಿಟ್ಟು ಯಾವಾಗ ಬೇಕಾದ್ರೂ ಹೋಗ್ಬಹುದು. ಮಾಡಿದೋರು ಮಾರನೇ ದಿನದ ತನಕ ವಿಮಾನ ಹತ್ತಬಾರದು, ಹಾಗಾಗಿ ಹ್ಯಾವ್‌ಲಾಕ್‌ನ ಮೊದಲ ದಿನಾನೇ ಮುಗಿಸಿ.

ದಿನದ ಲೆಕ್ಕದಲ್ಲಿ ಒಂದು ಗಮನಿಸಿ, ಕಾರವಾರದಲ್ಲಿ ಏಪ್ರಿಲಲ್ಲಿ ಏಳಕ್ಕೆ ಸ್ವಲ್ಪ ಮೊದಲು ಮುಳುಗೋ ಸೂರ್ಯ ಅಲ್ಲಿ ಐದೂವರೆಗೇ ಮುಳುಗ್ತಾನೆ. ಹ್ಯಾವ್‌ಲಾಕ್‌ನ ರಾಧಾನಗರ ಬೀಚಿಗೆ ಮೂರೂವರೆಗೆ ಹೊರಟ್ರೆ ಮಕ್ಕಳಿಗೆ ನೀರಲ್ಲಿ ಆಡೋಕೆ ಟೈಮ್ ಸಿಗ್ತದೆ. ಚಿಪ್ಪು, ಹವಳದ ಚೂರು ಒಂದನ್ನೂ ಮಕ್ಕಳು ಬ್ಯಾಗಲ್ಲಿ ಹಾಕ್ದಂಗೆ ನೋಡ್ಕೊಳ್ಳಿ, ತರೋದು ಕಾನೂನಿಗೆ ವಿರುದ್ಧ, ಏರ್‌ಪೋರ್ಟಲ್ಲಿ ಹಿಡೀತಾರೆ.

ಶಿರಸಿ_ಪೇಟೆ

ಅಂಕೋಲಾಕ್ಕೆ ಹೋಗಿ ಬಂದೆ. ತಿಂಗಳ ಕಂತು ಅಂದ ಕೂಡ್ಲೇ ಅವನೇ ಕ್ಯಾಲೆಂಡರ್ ತೆಗೆದ, ಸೆಪ್ಟೆಂಬರ್ 10ಕ್ಕೆ ಮೊದಲ ಕಂತು ಅಂತ ಗ್ರೂಪಲ್ಲಿ ಅವನ ಕೈಯಲ್ಲೇ ಹಾಕಿಸಿದೆ. ಖರ್ಚಿನ ಬುಕ್ಕೂ ಅವನೇ ಇಟ್ಕೊಳ್ತಾನಂತೆ. ಪರ್ಮಿಟ್ ಏನಾದ್ರೂ ಬೇಕಾ?

ಕಾಳಿ_ದಂಡೆ

ಪರ್ಮಿಟ್ ಬೇಕಾಗೋದು ಲಕ್ಷದ್ವೀಪಕ್ಕೆ. ಅಂಡಮಾನ್‌ನ ಈ ದ್ವೀಪಗಳಿಗೆ ನಮಗೆ ಬೇಡ. 12 ಜನರದ್ದೂ ಆಧಾರ್ ಇಟ್ಕೊಳ್ಳಿ, ಮಕ್ಕಳದ್ದೂ. ಆಧಾರಲ್ಲಿ ಇರೋ ಹೆಸರು, ಟಿಕೆಟ್ಟಲ್ಲಿ ಇರೋ ಹೆಸರು ಒಂದೇ ಇದೆಯಾ ಅಂತ ಬುಕ್ ಮಾಡೋ ಮೊದ್ಲೇ ನೋಡಿ. ಸ್ವಲ್ಪ ಕ್ಯಾಶ್ ಪೋರ್ಟ್ ಬ್ಲೇರ್‌ನಲ್ಲೇ ತೆಕ್ಕೊಳ್ಳಿ, ನೀಲ್‌ನಲ್ಲಿ ಎಟಿಎಂ ನಂಬ್ಕೊಂಡು ಕೂರೋ ಹಾಗಿಲ್ಲ.